ತುಂಗೆಯ ಮೀನು, ಕಾವೇರಿಯ ಮೀನು

ರಾಗಿಗುಡ್ಡದ ನಮಗೆ ಮಹಸೀರ್ ಎಂದರೆ ಶೃಂಗೇರಿಯ ಮೆಟ್ಟಿಲ ಬಳಿ, ತುಂಗೆಯಲ್ಲಿ, ಮಂಡಕ್ಕಿಗೆ ಬಾಯೊಡ್ಡುವ ದೇವರ ಮೀನು. ಅಲ್ಲಿ ಗಾಳ ಹಾಕುವಂತಿಲ್ಲ. ಹೆಸರು ಮಾತ್ರ ಉರ್ದು ಕಿವಿಗೆ ಪರಿಚಿತ: 'ಮಾಹಿ' ಎಂದರೆ ಮೀನು, 'ಶೇರ್' ಎಂದರೆ ಸಿಂಹ ಎಂದು ಬಿಡಿಸಿ ಹೇಳುವವರಿದ್ದಾರೆ.

ಗಾಳದ ಚರಿತ್ರೆ ಬರೆದವರು ಸಾಹೇಬರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಪ್ರಕಟಿಸಿದರು. ವಿಲಾಯತಿಯ ಟ್ರೌಟ್, ಸಾಲ್ಮನ್‌ಗಳನ್ನು ಬಿಟ್ಟು ಬಂದವರಿಗೆ ಘಟ್ಟದ ಹೊಳೆಗಳ ಈ ಮೀನೇ ಸಮಾಧಾನ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು, ಅಂದರೆ ಸುಮಾರು 54 ಕಿಲೋ. ಮಡು ತೋರಿಸಿದ ಬೆಸ್ತರ ಹೆಸರು ಇಂಥ ದಾಖಲೆಗಳಲ್ಲಿ ಸಿಗುವುದು ಅಪರೂಪ!

ಕಾವೇರಿ ಕೊಳ್ಳದ ಆ ದೈತ್ಯ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಜಾತಿ. ನಮ್ಮ ತುಂಗೆ ಸೇರುವ ಕೃಷ್ಣಾ ಕೊಳ್ಳದ್ದು ನೀಲಿ ರೆಕ್ಕೆಯದು. 1970ರ ದಶಕದಿಂದ ಲೋಣಾವಳದ ಟಾಟಾ ಕೇಂದ್ರದಲ್ಲಿ ಈ ನೀಲಿ ರೆಕ್ಕೆಯ ಮರಿಗಳನ್ನು ಬೆಳೆಸಿ, ಮಹಸೀರ್ ಉಳಿಯಲೆಂಬ ಸದುದ್ದೇಶದಿಂದಲೇ ಕಾವೇರಿಗೂ ಬಿಟ್ಟರು. ಬಂದ ಮೀನು ಹೆಚ್ಚಿತು, ಮನೆಯ ಮೀನು ಕರಗಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳ ಪಾಲೂ ಇದರಲ್ಲಿದೆ. ಗೂನುಬೆನ್ನಿನದಕ್ಕೆ ಖಚಿತ ವೈಜ್ಞಾನಿಕ ಹೆಸರು ದಕ್ಕಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು.