ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು

ಬಿಟ್‌ಕಾಯಿನ್ ಅಂದ ಕೂಡಲೇ ಜನ ನನಗೆ ಹೇಳೋ ಮೊದಲ ಮಾತು ಒಂದೇ: "ಸಾರ್, ಅದು ಗುಪ್ತ ಹಣ. ಯಾರು ಯಾರಿಗೆ ಕೊಟ್ರು ಅಂತ ದೇವರಿಗೂ ಗೊತ್ತಾಗಲ್ಲ." ನಾನೂ ಹಾಗೇ ನಂಬಿದ್ದವನು. ಆ ನಂಬಿಕೆ ಸುಳ್ಳು ಅಂತ ತೋರಿಸಿಕೊಟ್ಟಿದ್ದು ಒಂದು ಕಳ್ಳತನ.

2016ರ ಆಗಸ್ಟ್. ಹಾಂಗ್‌ಕಾಂಗ್‌ನ ಬಿಟ್‌ಫಿನೆಕ್ಸ್ ಅನ್ನೋ ವಿನಿಮಯ ಕೇಂದ್ರಕ್ಕೆ ಕನ್ನ ಬಿತ್ತು. ಎರಡು ಸಾವಿರಕ್ಕೂ ಹೆಚ್ಚು ವಹಿವಾಟುಗಳಲ್ಲಿ 1,19,754 ಬಿಟ್‌ಕಾಯಿನ್ ಮಾಯ! ಅವತ್ತಿನ ಬೆಲೆ ಸುಮಾರು 7.1 ಕೋಟಿ ಡಾಲರ್. ಕಂಪನಿ ಈ ನಷ್ಟವನ್ನ ಎಲ್ಲ ಗ್ರಾಹಕರ ತಲೆಗೂ ಹಂಚಿತು. ಕಳುವಾಗದವರ ಖಾತೆಯಿಂದಲೂ ಶೇ. 36ರಷ್ಟು ಹೋಯ್ತು. ಆ ಬಾಕಿಯನ್ನ ಆಮೇಲೆ ತೀರಿಸಿದರು, ಅದು ಬೇರೆ ಮಾತು. ಅವತ್ತು ಆ ಜನರ ಎದೆ ಹೇಗೆ ಹೊಡ್ಕೊಂಡಿರಬೇಕು, ಯೋಚನೆ ಮಾಡಿ.

ಬೀಗ ಒಡೆಯದೆ, ಗೋಡೆ ಕೊರೆಯದೆ ಇಷ್ಟು ದುಡ್ಡು ಹೋಗಿದ್ದು ಹೇಗೆ?

ಸತೋಶಿ ನಕಾಮೊಟೊ ಅನ್ನೋ ಹೆಸರಿನ ಹಿಂದಿದ್ದವರು 2009ರ ಜನವರಿ 3ರಂದು ಒಂದು ಲೆಕ್ಕದ ಪುಸ್ತಕ ಶುರು ಮಾಡಿದರು. ಅದರ ಹೆಸರೇ ಬ್ಲಾಕ್‌ಚೈನ್. ಅದು ಯಾವ ಬ್ಯಾಂಕಿನ ತಿಜೋರಿಯಲ್ಲೂ ಇಲ್ಲ. ಸಾವಿರಾರು ಕಂಪ್ಯೂಟರ್‌ಗಳಲ್ಲಿ ಅದರ ಪ್ರತಿ ಇದೆ. ಊರ ಅರಳಿಕಟ್ಟೆ ಮೇಲೆ ತೆರೆದಿಟ್ಟ ಪುಸ್ತಕ ಅಂದ್ಕೊಳ್ಳಿ. ಯಾರು ಬೇಕಾದ್ರೂ ಓದಬಹುದು, ಬರೆದದ್ದನ್ನ ಅಳಿಸೋಕೆ ಮಾತ್ರ ಆಗಲ್ಲ.

ಆ ಪುಸ್ತಕದಲ್ಲಿ ನಿಮ್ಮ ಹೆಸರಿರಲ್ಲ, ವಿಳಾಸ ಇರುತ್ತೆ. ಅಕ್ಷರ, ಅಂಕಿ ಬೆರೆತ ಒಂದು ಉದ್ದನೆ ಸಾಲು. ಈ ವಿಳಾಸ ಹುಟ್ಟೋದು ಒಂದು ಭಾರೀ ದೊಡ್ಡ ಗುಟ್ಟಿನ ಸಂಖ್ಯೆಯಿಂದ. ಅದೇ ಪ್ರೈವೇಟ್ ಕೀ. ಕೀಲಿಯಿಂದ ವಿಳಾಸ ಲೆಕ್ಕ ಹಾಕಬಹುದು, ವಿಳಾಸದಿಂದ ಕೀಲಿ ಕಂಡುಹಿಡಿಯೋಕಾಗಲ್ಲ. ಹಾಲಿನಿಂದ ಮೊಸರಾಗುತ್ತೆ, ಮೊಸರಿನಿಂದ ಹಾಲಾಗುತ್ತಾ? ವ್ಯಾಲೆಟ್ ಅಂತೀವಲ್ಲ, ಅದರೊಳಗೆ ನಾಣ್ಯ ಇರಲ್ಲ ಸ್ವಾಮಿ, ಈ ಕೀಲಿ ಇರುತ್ತೆ.

ಹಣ ಕಳಿಸಬೇಕಾದ್ರೆ ಕೀಲಿಯಿಂದ ಸಹಿ ಹಾಕಬೇಕು. ಸಹಿ ಸರಿಯಿದೆಯಾ, ಅದೇ ನಾಣ್ಯ ಮೊದಲೇ ಖರ್ಚಾಗಿದೆಯಾ ಅಂತ ಜಾಲದ ಕಂಪ್ಯೂಟರ್‌ಗಳು ನೋಡ್ತವೆ. ಸುಮಾರು 10 ನಿಮಿಷಕ್ಕೊಮ್ಮೆ ಪುಸ್ತಕಕ್ಕೆ ಹೊಸ ಪುಟ ಸೇರುತ್ತೆ. ಅಲ್ಲಿಗೆ ಮುಗೀತು. "ತಪ್ಪಾಯ್ತು, ವಾಪಸ್ ಕೊಡಿ" ಅಂತ ಕೇಳೋಕೆ ಮ್ಯಾನೇಜರ್ ಇಲ್ಲ. ಸಹಿ ಸರಿಯಿದ್ರೆ ಸಾಕು, ಹಾಕಿಸಿದವನು ಯಜಮಾನನೋ ಕಳ್ಳನೋ ಅಂತ ಪುಸ್ತಕ ಕೇಳಲ್ಲ. ಬಿಟ್‌ಫಿನೆಕ್ಸ್‌ನ ಕಳ್ಳ ಮಾಡಿದ್ದೂ ಇದನ್ನೇ. ಕಂಪನಿಯ ಕಂಪ್ಯೂಟರ್ ಜಾಲಕ್ಕೆ ನುಗ್ಗಿ, ವಹಿವಾಟುಗಳಿಗೆ ಒಪ್ಪಿಗೆ ಬೀಳುವಂತೆ ಮಾಡಿದ.

ಆದರೆ ಅವನು ಸಿಕ್ಕಿಬಿದ್ದದ್ದೂ ಅದೇ ಪುಸ್ತಕದಿಂದ! ಕದ್ದ ಮಾಲು ಯಾವ ವಿಳಾಸದಲ್ಲಿದೆ ಅಂತ ಇಡೀ ಜಗತ್ತಿಗೆ ಕಾಣ್ತಿತ್ತು. ಸುಮಾರು 25,000 ಬಿಟ್‌ಕಾಯಿನ್‌ಗಳನ್ನ ಚೂರುಚೂರು ಮಾಡಿ ಸಾಗಿಸಿದರು. ಆಲ್ಫಾಬೇ ಅನ್ನೋ ಕತ್ತಲೆ ಸಂತೆಯಲ್ಲಿ ಕೈ ಬದಲಾಯಿಸಿದರು. 2017ರಲ್ಲಿ ಪೊಲೀಸರು ಆ ಸಂತೆಯನ್ನೇ ಮುಚ್ಚಿಸಿದರು, ಅಲ್ಲಿನ ಲೆಕ್ಕವೂ ತನಿಖೆಗೆ ಸಿಕ್ಕಿತು. ಒಂದೊಂದೇ ಎಳೆ ಹಿಡಿದು ಹೋದ ಅಮೆರಿಕದ ಅಧಿಕಾರಿಗಳು ನ್ಯೂಯಾರ್ಕ್‌ನ ಗಂಡ ಹೆಂಡತಿ ಇಬ್ಬರ ಬಾಗಿಲಿಗೆ ಬಂದರು: ಇಲ್ಯಾ ಲಿಕ್ಟೆನ್‌ಸ್ಟೈನ್, ಹೆದರ್ ಮಾರ್ಗನ್. ಎರಡು ಸಾವಿರ ವಿಳಾಸಗಳ ಕೀಲಿಗಳು ಎಲ್ಲಿದ್ದವು ಗೊತ್ತಾ? ಆತನ ಆನ್‌ಲೈನ್ ಖಾತೆಯ ಒಂದು ಕಡತದಲ್ಲಿ!

2022ರ ಫೆಬ್ರವರಿಯಲ್ಲಿ ಬಂಧನ. ವಶವಾಗಿದ್ದು 94,000ಕ್ಕೂ ಹೆಚ್ಚು ಬಿಟ್‌ಕಾಯಿನ್. ಬೆಲೆ ಅಷ್ಟರಲ್ಲಿ 360 ಕೋಟಿ ಡಾಲರ್! ಕನ್ನ ಹಾಕಿದವನು ತಾನೇ ಅಂತ ಲಿಕ್ಟೆನ್‌ಸ್ಟೈನ್ 2023ರಲ್ಲಿ ಒಪ್ಪಿಕೊಂಡ. 2024ರ ನವೆಂಬರ್‌ನಲ್ಲಿ ಅವನಿಗೆ 5 ವರ್ಷ, ಆಕೆಗೆ 18 ತಿಂಗಳು ಜೈಲು ಶಿಕ್ಷೆಯಾಯ್ತು.

ಬಿಟ್‌ಕಾಯಿನ್ ಕೊಳ್ಳಿ ಅಂತಾಗಲಿ, ಬೇಡ ಅಂತಾಗಲಿ ನಾನು ಹೇಳಲ್ಲ. ನಿಮ್ಮ ಮನೆ ಹುಡುಗರು ಅದರಲ್ಲಿ ದುಡ್ಡು ಹಾಕಿದ್ರೆ ಎರಡು ಮಾತು ಹೇಳಿ. ವಿಳಾಸ ಯಾರಿಗಾದ್ರೂ ಕೊಡಿ, ಕೀಲಿ ಯಾರಿಗೂ ಕೊಡಬೇಡಿ. ಕೀಲಿ ಕೇಳಿದವನು ಎಷ್ಟೇ ನಯವಾಗಿ ಮಾತಾಡಿದ್ರೂ ಕಳ್ಳನೇ. ಇನ್ನೊಂದು, ಇಲ್ಲಿ ಯಾರೂ ನೋಡಲ್ಲ ಅಂದ್ಕೊಂಡು ಅಡ್ಡದಾರಿ ಹಿಡೀಬೇಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಜಗತ್ತಿಗೆ ಗೊತ್ತಾಗಲ್ವಾ? ಇಲ್ಲಂತೂ ಅದು ಕುಡಿದ ಒಂದೊಂದು ಗುಟುಕಿಗೂ ಲೆಕ್ಕ ಇದೆ.