ಹಾಡುವವರ ಊರಿನಲ್ಲಿ ಕೇಳುವವರ ಜಾಗ

ಧಾರವಾಡದ ಸಂಗೀತದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಹಾಡಿದವರ ಹೆಸರುಗಳನ್ನು ಹೇಳುತ್ತಾರೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ - ಈ ಪಟ್ಟಿ ಹೆಮ್ಮೆ ಪಡುವಂಥದ್ದೇ. ಆದರೆ ಇವರೆಲ್ಲರೂ ಹಾಡುಗಾರರಾಗುವ ಮೊದಲು ಕೇಳುಗರಾಗಿದ್ದರು. ಎಲ್ಲಿಯೋ ಕುಳಿತು, ಎಲ್ಲಿಯೋ ನಿಂತು ಮತ್ತೊಬ್ಬರ ಹಾಡಿಗೆ ಕಿವಿಗೊಟ್ಟಿದ್ದರು. ಆ 'ಎಲ್ಲಿಯೋ' ಎಂಬುದಕ್ಕೂ ಒಂದು ಇತಿಹಾಸವಿದೆ. ಇಂದು ಧಾರವಾಡದ ಕಾಲೇಜುಗಳಲ್ಲಿ ಓದುತ್ತಿರುವ, ಸಂಗೀತದ ಹುಚ್ಚು ಹತ್ತಿಸಿಕೊಂಡ ತರುಣ ತರುಣಿಯರಿಗೆ ಈ ಊರಿನಲ್ಲಿ ಏನು ಕೊರತೆ ಎಂಬುದು ತಿಳಿಯಬೇಕಾದರೆ ಆ ಇತಿಹಾಸವನ್ನು ನೋಡಬೇಕು.

ಕನ್ನಡ ನಾಡಿನ ಈ ಮೂಲೆಗೆ ಹಿಂದೂಸ್ತಾನಿ ಸಂಗೀತ ಬಂದು ನೆಲೆಸಿದ್ದಕ್ಕೆ ಕಾರಣಗಳು ಸ್ಪಷ್ಟವಾಗಿವೆ. 1956ರ ಏಕೀಕರಣದವರೆಗೂ ಧಾರವಾಡ ಮುಂಬಯಿ ಆಡಳಿತದಲ್ಲಿತ್ತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಈ ಸೀಮೆಗೆ ಬಂದಿತು. ಅದರ ಮುಖ್ಯ ಕಚೇರಿಯೂ ಧಾರವಾಡದಲ್ಲೇ ಇತ್ತು. ಮೀರಜ, ಪುಣೆಗಳ ಗವಾಯಿಗಳಿಗೂ ನಾಟಕ ಕಂಪನಿಗಳಿಗೂ ದಾರಿ ಸಲೀಸಾಯಿತು. ಮೈಸೂರು ಅರಮನೆಯ ಆಹ್ವಾನದ ಮೇಲೆ ಹೋಗಿ ಬರುತ್ತಿದ್ದ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ನಡುದಾರಿಯಲ್ಲಿ ಹುಬ್ಬಳ್ಳಿ ಧಾರವಾಡಗಳಲ್ಲಿ ತಂಗುತ್ತಿದ್ದರು. ಭಾಸ್ಕರಬುವಾ ಬಖಲೆಯವರು ಕೆಲ ವರ್ಷ ಧಾರವಾಡದಲ್ಲೇ ಇದ್ದು ಸಂಗೀತ ಕಲಿಸಿದರು.

ಹೀಗೆ ಬಂದವರ ಹಾಡನ್ನು ಜನ ಕೇಳಿದ್ದು ಎಲ್ಲಿ? ಸಭಾಗೃಹಗಳು ಆಗ ಇರಲಿಲ್ಲ. ಸಿರಿವಂತರ ವಾಡೆಗಳಲ್ಲಿ, ವಕೀಲರು ಮತ್ತು ವ್ಯಾಪಾರಿಗಳ ಮನೆಯ ಪಡಸಾಲೆಯಲ್ಲಿ, ಮಠಗಳಲ್ಲಿ ಬೈಠಕ್ ನಡೆಯುತ್ತಿದ್ದವು. ಕುಂದಗೋಳದ ನಾಡಿಗೇರ ವಾಡೆ ಇಂಥ ಜಾಗಗಳಲ್ಲಿ ಹೆಸರಾದುದು. ಆ ಊರಿನಲ್ಲಿದ್ದ ಸವಾಯಿ ಗಂಧರ್ವರ ಬಳಿ ಭೀಮಸೇನ ಜೋಶಿ ಇದ್ದು ಕಲಿತರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿತರು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ನಂತರ ಅವರ ಪುಣ್ಯಸ್ಮರಣೆಯ ಸಂಗೀತೋತ್ಸವಕ್ಕೂ ಅದೇ ವಾಡೆ ಆಸರೆಯಾಯಿತು.

ಈ ಹಳೆಯ ಬೈಠಕ್‌ಗಳನ್ನು ನೆನೆದು ಹಂಬಲಿಸುವವರು ಒಂದು ಮಾತನ್ನು ಮರೆಯಬಾರದು. ಅಲ್ಲಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮನೆಯ ಯಜಮಾನನ ಪರಿಚಯ ಬೇಕಿತ್ತು, ಜಾತಿಯ ಲೆಕ್ಕವಿತ್ತು, ಹೆಂಗಸರು ಕೇಳುವುದಿದ್ದರೆ ಒಳಗಿನಿಂದ ಕೇಳಬೇಕಿತ್ತು. ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆದ ಗಂಗೂಬಾಯಿಯವರು ಬಾಲಕಿಯಾಗಿ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದರು. ಹಾಡಿಗಿಂತ ಹೆಚ್ಚಾಗಿ, ಜಾತಿಯ ಕಾರಣಕ್ಕೆ ಊಟದ ಹೊತ್ತಿನಲ್ಲಿ ಅವಮಾನವಾದೀತೇ ಎಂಬ ಅಳುಕು ತಮ್ಮನ್ನು ಕಾಡಿತ್ತೆಂದು ಅವರೇ ಮುಂದೆ ಹೇಳಿಕೊಂಡರು. ಹಾಡುವ ಹುಡುಗಿಗೇ ಈ ಅಳುಕು ಇದ್ದಾಗ, ಬರಿದೇ ಕೇಳಬಯಸಿದವರ ಪಾಡನ್ನು ಊಹಿಸಿಕೊಳ್ಳಬಹುದು.

ಬಾಗಿಲನ್ನು ಅಗಲಗೊಳಿಸಿದವು ಎರಡು. ಒಂದು ನಾಟಕ ಕಂಪನಿ, ಇನ್ನೊಂದು ಗ್ರಾಮಾಫೋನ್. ನಾಟಕದ ಹಾಡು ಅಂದಿನ ಯುವಕರ ಜನಪ್ರಿಯ ಸಂಗೀತ. ಟಿಕೆಟ್ ಕೊಂಡರೆ ಯಾರೂ ಒಳಗೆ ಹೋಗಿ ಕೂಡಬಹುದಿತ್ತು. ಧಾರವಾಡದ ಹತ್ತಿರದ ಮನಸೂರ ಎಂಬ ಹಳ್ಳಿಯ ಹುಡುಗ ಮಲ್ಲಿಕಾರ್ಜುನ ಬಣ್ಣ ಹಚ್ಚಿಕೊಂಡು ಹಾಡಿದ್ದು ಇಂಥ ಕಂಪನಿಯಲ್ಲಿಯೇ. ಅಲ್ಲಿ ಅವನ ಕಂಠವನ್ನು ಕೇಳಿದ ನೀಲಕಂಠಬುವಾ ಮಿರಜಕರರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಇನ್ನು ಗದುಗಿನ ಹುಡುಗ ಭೀಮಸೇನನಿಗೆ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ ಕಿವಿಗೆ ಬಿದ್ದದ್ದು ಅಂಗಡಿಯಲ್ಲಿ ಹಚ್ಚಿದ್ದ ಗ್ರಾಮಾಫೋನ್ ತಟ್ಟೆಯಿಂದ. ಆ ಹುಡುಗ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ಆ ಅಂಗಡಿಯ ಮುಂದೆ ನಿಲ್ಲಲು ಯಾರ ಪರಿಚಯವೂ ಬೇಕಿರಲಿಲ್ಲ, ಕಾಸೂ ಬೇಕಿರಲಿಲ್ಲ. ಅಲ್ಲಿ ನಿಂತು ಕೇಳಿದವನಿಗೆ 2008ರಲ್ಲಿ ಭಾರತರತ್ನ ಗೌರವ ಘೋಷಣೆಯಾಯಿತು.

ಮುಂದಿನ ಹೆಜ್ಜೆಯನ್ನು ಇಟ್ಟದ್ದು ಸರಕಾರಿ ಸಂಸ್ಥೆಗಳು. ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗಿ ಧಾರವಾಡವನ್ನು ಓದುವವರ ಊರನ್ನಾಗಿ ಮಾಡಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರವೂ ಪ್ರಾರಂಭವಾಯಿತು. ಮನಸೂರರು ಆಕಾಶವಾಣಿಗೆ ಸಂಗೀತ ಸಲಹೆಗಾರರಾದರು. ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೂ ಮಾರ್ಗದರ್ಶನ ಮಾಡಿದರು. ವಾಡೆಯೊಳಗಿನ ಸಂಗೀತ ರೇಡಿಯೊ ಮೂಲಕ ಚಹಾದಂಗಡಿಗೂ ಬಂತು, ಬಾಡಿಗೆ ಕೋಣೆಯ ವಿದ್ಯಾರ್ಥಿಗೂ ಮುಟ್ಟಿತು. ಒಬ್ಬರ ಮನೆಯ ರೇಡಿಯೊ ಓಣಿಗೆಲ್ಲ ಕೇಳಿಸುತ್ತಿದ್ದ ಕಾಲ ಅದು. ಗಣೇಶೋತ್ಸವದ ಮಂಟಪಗಳಲ್ಲಿ ಹೊತ್ತು ಮೀರಿದರೂ ಹಾಡು ಮುಗಿಯುತ್ತಿರಲಿಲ್ಲ.

ಆ ತಲೆಮಾರು ಈಗ ಇಲ್ಲ. ರಾಜಗುರು 1991ರಲ್ಲಿ, ಮನಸೂರರು 1992ರಲ್ಲಿ, ಗಂಗೂಬಾಯಿ 2009ರಲ್ಲಿ, ಭೀಮಸೇನರು 2011ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಟ್ರಸ್ಟುಗಳಾದವು, ಪ್ರಶಸ್ತಿಗಳಾದವು. ಮನಸೂರರ ಮನೆ 'ಮೃತ್ಯುಂಜಯ' ಸ್ಮಾರಕವಾಯಿತು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮಾತ್ರ ಮೈಸೂರಿನಲ್ಲಿದೆ.

ಇತ್ತ ಊರು ವಿದ್ಯಾರ್ಥಿಗಳಿಂದ ಇನ್ನಷ್ಟು ತುಂಬಿಕೊಂಡಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ ಬಂದವು. ದೇಶದ ನಾನಾ ಮೂಲೆಗಳಿಂದ ಹುಡುಗ ಹುಡುಗಿಯರು ಬರುತ್ತಾರೆ. ಅವರಲ್ಲಿ ಗಿಟಾರ್ ಹಿಡಿದವರಿದ್ದಾರೆ, ಶರೀಫರ ತತ್ವಪದಗಳನ್ನು ಹಾಡುವವರಿದ್ದಾರೆ, ರ‍್ಯಾಪ್ ಬರೆಯುವವರಿದ್ದಾರೆ. ಯಮನ್ ಎಂದರೇನೆಂದು ತಿಳಿಯದೆಯೇ ಅದು ಕೇಳಿಸಿದಾಗ ಸುಮ್ಮನೆ ನಿಲ್ಲುವವರೂ ಇದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮನಸೂರರ ಯಾವ ರಾಗವನ್ನಾದರೂ ಕ್ಷಣದಲ್ಲಿ ಹುಡುಕಬಹುದು. ಹಾಗಿದ್ದರೆ ಕೊರತೆ ಯಾವುದು?

ಹುಡುಕಿದ್ದು ಮಾತ್ರ ಸಿಗುತ್ತದೆ ಎಂಬುದೇ ಕೊರತೆ. ಗದುಗಿನ ಅಂಗಡಿ ಹುಡುಗನೊಬ್ಬನಿಗೆ ಅವನು ಹುಡುಕದೇ ಇದ್ದುದನ್ನು ಕೊಟ್ಟಿತು. ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನ್‌ನಿಂದ ಪಕ್ಕದಲ್ಲಿ ಕುಳಿತವನಿಗೆ ಏನೂ ದಕ್ಕುವುದಿಲ್ಲ. ತಾನ್ ಮುಗಿದು ಸಮಕ್ಕೆ ಬಂದಾಗ ಪಕ್ಕದವರ ತಲೆ ತೂಗುವುದನ್ನು ನೋಡಿ ಕಲಿಯುವ ವಿದ್ಯೆಯೊಂದಿದೆ. ಕೇಳುವುದನ್ನು ಜನ ಕಲಿಯುವುದು ಹಾಗೆಯೇ.

ಊರಿನಲ್ಲಿ ಸಂಗೀತ ಶಾಲೆಗಳಿವೆ, ಅವು ಕಲಿಯಬಂದವರಿಗೆ. ರಂಗಮಂದಿರಗಳಿವೆ, ಅವು ಕಾರ್ಯಕ್ರಮವಿದ್ದಾಗ ಬಾಗಿಲು ತೆರೆಯುತ್ತವೆ. ಪುಣ್ಯತಿಥಿಯ ಉತ್ಸವಗಳು ವರ್ಷಕ್ಕೊಮ್ಮೆ ಬಂದು ಹೋಗುತ್ತವೆ. ಬಯಲಿನ ಅಹೋರಾತ್ರಿ ಕಛೇರಿಗಳಿಗೂ ಕಾಲ ಮೊದಲಿನಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ಮಲಗುವವರ ದೃಷ್ಟಿಯಿಂದ ಇದು ನ್ಯಾಯವೇ; ಆದರೆ ನಡುರಾತ್ರಿಯ ದರಬಾರಿ, ಮಾಲಕಂಸ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಕೇಳುವ ಅವಕಾಶ ಕಿರಿದಾಯಿತು. ಹಾಸ್ಟೆಲಿನ ಬಾಗಿಲು ಅದಕ್ಕೂ ಮೊದಲೇ ಮುಚ್ಚುತ್ತದೆ, ಹುಡುಗಿಯರದು ಇನ್ನೂ ಬೇಗ.

ಆದ್ದರಿಂದ ಬೇಕಾದದ್ದು ದೊಡ್ಡ ಸಭಾಭವನವಲ್ಲ. ಎಂಬತ್ತು ಮಂದಿ ಜಮಖಾನೆಯ ಮೇಲೆ ಕೂಡಬಹುದಾದ ಒಂದು ಕೋಣೆ, ಒಳ್ಳೆಯ ಧ್ವನಿ ಸಾಧನ, ವಾರವಾರ ತಪ್ಪದ ಒಂದು ಸಂಜೆ, ಮುಗಿದ ಮೇಲೆ ಹಾಸ್ಟೆಲಿಗೆ ಮರಳಲು ಒಂದು ಬಸ್ಸು. ಒಂದು ವಾರ ಹಳೆಯ ಧ್ವನಿಮುದ್ರಿಕೆ, ಮರುವಾರ ಎಳೆಯ ಗಾಯಕಿಯೊಬ್ಬಳ ಮೊದಲ ಕಛೇರಿ, ಆಮೇಲೊಂದು ವಾರ ವಿದ್ಯಾರ್ಥಿಗಳದೇ ವಾದ್ಯವೃಂದ ಇರಬಹುದು. ಗಿಟಾರಿನವರನ್ನು ಒಳಗೆ ಬಿಟ್ಟರೆ ಊರಿನ ಘನತೆ ಕಡಿಮೆಯಾದೀತೆಂದು ಹಿರಿಯರು ಹಿಂಜರಿದರೆ, ಮನಸೂರರು ಬಂದದ್ದು ನಾಟಕದ ಕಂಪನಿಯಿಂದ ಎಂಬುದನ್ನು ನೆನಪಿಸಬಹುದು.

ಹಳೆಯ ಧಾರವಾಡದಲ್ಲಿ ಕೇಳುವ ಜಾಗವಿತ್ತು, ಬಾಗಿಲು ಕಿರಿದಾಗಿತ್ತು. ಇಂದಿನ ಧಾರವಾಡದಲ್ಲಿ ಯಾರನ್ನೂ ಹೊರಗೆ ನಿಲ್ಲಿಸಬೇಕಾಗಿಲ್ಲ, ಜಾಗವಿಲ್ಲ. ಹಾಡುಗಾರರನ್ನು ತಯಾರು ಮಾಡಲು ಗುರು ಬೇಕು, ವರ್ಷಗಳು ಬೇಕು. ಕೇಳುಗರನ್ನು ತಯಾರು ಮಾಡಲು ಬೇಕಾದದ್ದು ತೆರೆದ ಬಾಗಿಲಿನ ಒಂದು ಕೋಣೆ ಮಾತ್ರ. ಅಷ್ಟನ್ನು ಮಾಡದೆ ಹೋದರೆ, ನಾಳೆ ಈ ಊರಿನಲ್ಲಿ ಮತ್ತೊಬ್ಬ ಮನಸೂರ ಹುಟ್ಟಿದರೂ ಎದುರಿಗೆ ಕುಳಿತು ಕೇಳುವವರಿರುವುದಿಲ್ಲ.