ಎದೆಯ ಚಿಕಿತ್ಸೆ, ಮರೆವಿನ ಅಪವಾದ

ಹುನಗುಂದ ಸೀಮೆಯ ಮರೋಳದಂತಹ ಹಳ್ಳಿಯಿಂದ ಹಿರಿಯರೊಬ್ಬರು ಬೆಳಗಾವಿಗೋ ಬೆಂಗಳೂರಿಗೋ ಹೋಗಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವುದು ಈಗ ಅಪೂರ್ವವೇನಲ್ಲ. ಎದೆನೋವು ಹೋಯಿತು, ಆದರೆ ಬೀಗರ ಹೆಸರು ನೆನಪಾಗದು, ಲಾವಣಿಗೆ ಕೊಟ್ಟ ಹೊಲದ ಲೆಕ್ಕ ತಪ್ಪುತ್ತದೆ. “ಯಂತ್ರಕ್ಕ ಹಚ್ಚಿದ್ರು, ಅದಕ್ಕ ಹಿಂಗಾತು” ಎಂದು ಮನೆಯವರು ಹೇಳಿದರೆ ಅಜ್ಞಾನವೆಂದು ನಗುವಂತಿಲ್ಲ. ವೈದ್ಯರಲ್ಲಿಯೂ ಅನೇಕರು ಬಹುಕಾಲ ಹಾಗೆಯೇ ನಂಬಿದ್ದರು.

ಆ ಯಂತ್ರದ ಚರಿತ್ರೆಯಲ್ಲಿ 1953ರ ಮೇ 6 ದೊಡ್ಡ ದಿನ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಡಾ. ಜಾನ್ ಗಿಬ್ಬನ್ 18 ವರ್ಷದ ತರುಣಿಯೊಬ್ಬಳ ಹೃದಯವನ್ನು ತೆರೆದು, ಒಳಗಿನ ರಂಧ್ರವನ್ನು ಮುಚ್ಚಿದರು. 26 ನಿಮಿಷ ಆಕೆಯ ಹೃದಯದ, ಶ್ವಾಸಕೋಶದ ಕೆಲಸವನ್ನೆಲ್ಲ ಯಂತ್ರವೇ ಮಾಡಿತು. 1961ರಲ್ಲಿ ಈ ವಿದ್ಯೆ ವೆಲ್ಲೂರಿಗೂ ಬಂದಿತು. ರಕ್ತವು ಕೊಳವೆಗಳಲ್ಲಿ ಸುತ್ತಿ ದೇಹಕ್ಕೆ ಮರಳುವಾಗ ಸೂಕ್ಷ್ಮ ಗುಳ್ಳೆಗಳೂ ಕಣಗಳೂ ಮಿದುಳನ್ನು ಸೇರಬಲ್ಲವು. ಮರೆವಿಗೆ ಅವೇ ಕಾರಣವೆಂಬ ತರ್ಕ ಹುಟ್ಟಿದ್ದು ಸಹಜವೇ.

ಆರೋಪಕ್ಕೆ ಬಲ ಬಂದುದು 2001ರಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದವರು ಬೈಪಾಸ್ ಆದ 261 ಜನರನ್ನು ಪರೀಕ್ಷಿಸಿದರು. ಆಸ್ಪತ್ರೆ ಬಿಡುವಾಗ ನೂರಕ್ಕೆ 53 ಜನರ ಬುದ್ಧಿಯ ಚುರುಕು ಕುಂದಿತ್ತು. ಆರು ತಿಂಗಳಿಗೆ ಅದು 24ಕ್ಕೆ ಇಳಿದು, ಐದು ವರ್ಷಕ್ಕೆ ಮತ್ತೆ 42ಕ್ಕೆ ಏರಿತು. ಆದರೆ ಅದೇ ಕಾಯಿಲೆಯಿದ್ದೂ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರ ಗತಿಯೇನು? ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರು ಅಂಥವರನ್ನೂ ಜೊತೆಗಿಟ್ಟು ನೋಡಿದರು. ವರ್ಷಗಳು ಕಳೆದಂತೆ ಎರಡೂ ಗುಂಪಿನ ಮರೆವು ಹೆಚ್ಚುಕಡಿಮೆ ಒಂದೇ! ಹಾಲೆಂಡಿನವರು ಕೆಲವರಿಗೆ ಯಂತ್ರವಿಲ್ಲದೆ, ಮಿಡಿಯುವ ಹೃದಯದ ಮೇಲೆಯೇ ಬೈಪಾಸ್ ಮಾಡಿ ಹೋಲಿಸಿದರು. 2007ರಲ್ಲಿ ಪ್ರಕಟವಾದ ಐದು ವರ್ಷಗಳ ಫಲದಲ್ಲಿಯೂ ಅಂತರ ಕಾಣಲಿಲ್ಲ.

ವಿಚಿತ್ರವೆಂದರೆ ಸುಳಿವು ಮೊದಲೇ ಇತ್ತು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಪಡೆದ ವೃದ್ಧರ ಮನಸ್ಸಿಗೆ ಮಂಕು ಕವಿಯುವುದನ್ನು ಬೆಡ್‌ಫರ್ಡ್ ಎಂಬ ಆಂಗ್ಲ ವೈದ್ಯರು 1955ರಲ್ಲಿಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಅಲ್ಲಿ ಈ ಯಂತ್ರದ ಮಾತೇ ಇರಲಿಲ್ಲ.

ಹಾಗೆಂದು ಯಂತ್ರ ಪೂರ್ಣ ನಿರ್ದೋಷಿಯಲ್ಲ. ಚಿಕಿತ್ಸೆಯ ವೇಳೆ ಪಾರ್ಶ್ವವಾಯು ಬಡಿಯುವುದೂ ಉಂಟು. ಮೊದಲ ದಿನಗಳ ಗಲಿಬಿಲಿಯೂ ಸುಳ್ಳಲ್ಲ. ಬಹುಮಂದಿಗೆ ಅದು ಕೆಲವು ವಾರ, ತಿಂಗಳುಗಳಲ್ಲಿ ತಿಳಿಯಾಗುತ್ತದೆ. ವರ್ಷಗಳ ಮೇಲೆ ಬರುವ ಮರೆವಿಗೆ ಮಾತ್ರ ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದವುಗಳಂತೆಯೇ ಕೆಟ್ಟ ಮಿದುಳಿನ ರಕ್ತನಾಳಗಳು, ಇವನ್ನೇ ಹೆಚ್ಚಾಗಿ ಕೇಳಬೇಕು.

ಯಾವುದು ಹೊಸ ಮರೆವು, ಯಾವುದು ಹಳೆಯದು ಎಂದು ತಿಳಿಯಲು ಎದೆ ತೆರೆಯುವ ಮೊದಲೇ ನೆನಪನ್ನು ಅಳೆದಿರಬೇಕು. ಅದಕ್ಕೆ ಪರದೇಶದ ಪ್ರಶ್ನೆಗಳೇ ಏಕೆ? ಇಳಕಲ್ಲಿನ ನೇಕಾರನಿಗೆ ಸೆರಗಿನ ಎಳೆಗಳ ಲೆಕ್ಕ ಕೇಳಬಹುದು. ಮರೋಳದ ರೈತನಿಗೆ ಮಳೆ ನಕ್ಷತ್ರಗಳ ಸಾಲನ್ನು, ಮುಂದಿನಿಂದಲೂ ಹಿಂದಿನಿಂದಲೂ.